ಪೇಟೆ ಖಾಲಿಯಾಗುತ್ತಿದೆಯೇ? ಬೆಂಗಳೂರಿನ ನಡುಭಾಗದ ಜನವಸತಿ ಲೆಕ್ಕ ಹಾಕುವುದು ಹೇಗೆ

ಚಿಕ್ಕಪೇಟೆ, ಕಾಟನ್‌ಪೇಟೆಗಳಲ್ಲಿ ವಾಸದ ಮನೆಗಳು ಗೋದಾಮುಗಳಾಗುತ್ತಿವೆ ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಜನ ಕಡಿಮೆಯಾದರು ಎಂದು ಕೇಳಿದರೆ ಉತ್ತರ ಸಿಗುವುದು ಜನಗಣತಿಯ ವಾರ್ಡ್‌ವಾರು ಕೋಷ್ಟಕದಲ್ಲಿ. ಆದರೆ ಅದನ್ನು ತೆರೆಯುವ ಮೊದಲು ಗಡಿಯನ್ನು ಸರಿಪಡಿಸಿಕೊಳ್ಳಬೇಕು. ಹೆಚ್ಚಿನ ಲೆಕ್ಕಗಳು ಕೆಡುವುದು ಅಲ್ಲಿಯೇ.

2001ರಲ್ಲಿ ಪಾಲಿಕೆಯ ಜನಸಂಖ್ಯೆ 43,01,326. 2011ರಲ್ಲಿ ಬಿಬಿಎಂಪಿಯದು 84,43,675. ಹತ್ತು ವರ್ಷದಲ್ಲಿ ಊರು ಇಮ್ಮಡಿಯಾಯಿತು ಎಂದು ಬರೆದುಬಿಡುವವರಿದ್ದಾರೆ. ನಡುವೆ, 2007ರಲ್ಲಿ, ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಪಾಲಿಕೆಗೆ ಸೇರಿದವು. 100 ಇದ್ದ ವಾರ್ಡ್‌ಗಳು 198 ಆದವು. ಗಡಿ ಬದಲಾಗದ ಬೆಂಗಳೂರು ನಗರ ಜಿಲ್ಲೆಯನ್ನು ನೋಡಿದರೆ 65,37,124ರಿಂದ 96,21,551ಕ್ಕೆ ಏರಿಕೆ, ಅಂದರೆ ಶೇ. 47. ಹೆಸರು ಒಂದೇ ಇದ್ದರೂ ವಾರ್ಡ್ ಒಂದೇ ಎಂದುಕೊಳ್ಳಬೇಡಿ. ಗೆರೆ ಸರಿದಿರಬಹುದು.

ಎರಡೂ ವರ್ಷಗಳ ವಾರ್ಡ್ ನಕ್ಷೆಗಳನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ತೆರೆದು, ಮೀಟರ್‌ಗಳಲ್ಲಿ ಅಳೆಯುವ ಯುಟಿಎಂ 43 ಉತ್ತರ ವಲಯದ ನಿರ್ದೇಶಾಂಕಗಳಿಗೆ ಬದಲಿಸಿ. ಅಕ್ಷಾಂಶ–ರೇಖಾಂಶದ ಡಿಗ್ರಿಯಲ್ಲಿಯೇ ಬಿಟ್ಟರೆ ವಿಸ್ತೀರ್ಣದ ಅಂಕಿಗೆ ಅರ್ಥವಿರುವುದಿಲ್ಲ. ನಂತರ ಎರಡು ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ಕತ್ತರಿಸುವ ಇಂಟರ್‌ಸೆಕ್ಷನ್ ಮಾಡಿ, ಹಳೆಯ ವಾರ್ಡಿನ ಎಷ್ಟು ಪಾಲು ಹೊಸ ವಾರ್ಡಿನೊಳಗೆ ಬಿದ್ದಿದೆ ನೋಡಿ. 30,000 ಜನರಿದ್ದ ಹಳೆಯ ವಾರ್ಡಿನ ಶೇ. 40 ಭಾಗ ಬಂದಿದ್ದರೆ 12,000 ಜನ ಎಂದು ಹಾಕಿ. ಈ ಪಾಲನ್ನು ಇಡೀ ವಿಸ್ತೀರ್ಣದ ಮೇಲೆ ಹಾಕಬೇಡಿ. ಉದ್ಯಾನ, ರೈಲು ಹಳಿ, ರಕ್ಷಣಾ ಇಲಾಖೆಯ ಜಾಗ, ಕೆರೆಗಳನ್ನು ಮೊದಲು ಕತ್ತರಿಸಿ ತೆಗೆಯಿರಿ. ಇಲ್ಲದಿದ್ದರೆ ಕಬ್ಬನ್ ಪಾರ್ಕಿನ ಮರಗಳಡಿಯೂ ಸಾವಿರಾರು ಜನ ವಾಸವಿದ್ದಾರೆಂದು ಲೆಕ್ಕ ಬರುತ್ತದೆ! ಒಂದೊಂದೇ ವಾರ್ಡಿನ ಅಂಕಿ ಅಲುಗಾಡುತ್ತಿದ್ದರೆ ಕೆ.ಆರ್. ಮಾರ್ಕೆಟ್ ಸುತ್ತ 0–2, 2–5, 5–10 ಕಿ.ಮೀ. ಬಳೆಗಳನ್ನು ಎಳೆದು ಕೂಡಿಸಿ. ಗಡಿಯ ದೋಷ ತಗ್ಗುತ್ತದೆ.

ಈಗ ಕುಟುಂಬಗಳ ಸಂಖ್ಯೆ. ಒಂದು ವಾರ್ಡಿನಲ್ಲಿ ಎರಡೂ ಗಣತಿಗೆ 6,000 ಕುಟುಂಬಗಳಿದ್ದು, ಜನ ಮಾತ್ರ 30,000ದಿಂದ 25,200ಕ್ಕೆ ಇಳಿದಿದ್ದಾರೆ ಎಂದುಕೊಳ್ಳಿ. ಶೇ. 16 ಇಳಿಕೆ ಕಂಡರೂ ಕುಟುಂಬಗಳು ಅಷ್ಟೇ ಇವೆ. ಕುಟುಂಬದ ಸರಾಸರಿ ಗಾತ್ರ 5ರಿಂದ 4.2ಕ್ಕೆ ಬಂದಿದೆ, ಅಷ್ಟೆ. ಪೇಟೆ ಖಾಲಿಯಾಗುತ್ತಿದೆ ಎನ್ನಬೇಕಾದರೆ ಕುಟುಂಬಗಳ ಸಂಖ್ಯೆಯೂ ಇಳಿಯಬೇಕು. 0–6 ವಯಸ್ಸಿನ ಮಕ್ಕಳ ಪಾಲನ್ನೂ ನೋಡಿ, ಆದರೆ ಊರಿನ ಸರಾಸರಿಯ ಪಕ್ಕದಲ್ಲಿಟ್ಟು. ಜನನ ಪ್ರಮಾಣ ಎಲ್ಲೆಡೆಯೂ ಇಳಿಯುತ್ತಿದೆ. ಸರಾಸರಿಗಿಂತ ಜೋರಾಗಿ ಇಳಿದಿದ್ದರೆ ಸಂಸಾರಸ್ಥರು ಹೋಗಿ ಒಂಟಿ ಕೆಲಸಗಾರರು ಉಳಿದಿರುವ ಸಾಧ್ಯತೆಯಿದೆ. ಹಾಸ್ಟೆಲ್‌ಗಳಿರುವ ವಾರ್ಡುಗಳನ್ನು ಬೇರೆಯಾಗಿಡಿ, ಏಕೆಂದರೆ ಅಲ್ಲಿನವರು ಒಟ್ಟು ಜನಸಂಖ್ಯೆಯಲ್ಲಿ ಸೇರಿರುತ್ತಾರೆ.

ಜನಗಣತಿಯ ಮನೆಪಟ್ಟಿ ಕೋಷ್ಟಕಗಳಲ್ಲಿ ‘ವಾಸ ಮತ್ತು ಇತರ ಬಳಕೆ’ ಎಂಬ ಕಲಂ ಇದೆ. ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕಟ್ಟಡವೆಲ್ಲ ಇಲ್ಲಿ ಬರುತ್ತದೆ ಎಂದು ತಿಳಿಯುವುದು ತಪ್ಪು. ಬೇರೆ ಬಾಗಿಲು ಇದ್ದರೆ ಗಣತಿ ಅವನ್ನು ಎರಡು ಮನೆಗಳಾಗಿ ಎಣಿಸುತ್ತದೆ. ಒಂದೇ ಘಟಕದಲ್ಲಿ ಎರಡೂ ನಡೆಯುತ್ತಿದ್ದರೆ ಮಾತ್ರ ಈ ಕಲಂ.

ಮತದಾರರ ಪಟ್ಟಿಯನ್ನು ಜನಸಂಖ್ಯೆಯ ಬದಲಿಗೆ ಬಳಸಬೇಡಿ. ಅದರಲ್ಲಿ 18 ದಾಟಿದವರಷ್ಟೇ ಇರುತ್ತಾರೆ, ಜಯನಗರಕ್ಕೆ ಹೋದವರ ಹೆಸರು ಹಳೆಯ ಬೂತಿನಲ್ಲೇ ಉಳಿದಿರಲೂಬಹುದು. ಬದಲಿಗೆ ಒಂದೆರಡು ಬೀದಿ ಆರಿಸಿ, ಅಂಗಡಿಗಳ ಷಟರ್ ಇಳಿದ ಮೇಲೆ ನಡೆಯಿರಿ: ಮಹಡಿಗಳಲ್ಲಿ ದೀಪ, ಒಣಹಾಕಿದ ಬಟ್ಟೆ, ಅಡುಗೆಮನೆ ಕಿಟಕಿ. ಬೆಳಿಗ್ಗೆ ಆರರ ಹೊತ್ತಿಗೆ ಮತ್ತೊಮ್ಮೆ ಹೋಗಿ. ಗೋದಾಮಿನಲ್ಲೇ ಮಲಗುವ ಹುಡುಗರು ಸಿಗುವುದು ಆಗ. ಗಣತಿಯಲ್ಲಿ ಬಿಟ್ಟುಹೋಗುವ ಸಂಭವ ಇವರದೇ ಹೆಚ್ಚು.

2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. 2027ರ ಗಣತಿಯ ಅಂಕಿಗಳು ಬಂದಾಗ ಈ ಹೊಂದಾಣಿಕೆಯನ್ನು ಮತ್ತೆ ಮಾಡಬೇಕಾಗುತ್ತದೆ. 198 ವಾರ್ಡ್‌ಗಳ ನಕ್ಷೆಯ ಫೈಲನ್ನು ಈಗಲೇ ಇಳಿಸಿ ಎರಡು ಕಡೆ ಇಟ್ಟುಕೊಳ್ಳಿ.