ಕೊಡಗಿನ ಶಿಥಿಲ ಶಾಲಾ ಕೊಠಡಿಗಳಿಗೆ ಅನುದಾನ ಕೇಳುವುದು ಹೇಗೆ: ಗ್ರಾಮಸಭೆಯ ನಿರ್ಣಯಕ್ಕೆ ಮೊದಲು ಮತ್ತು ನಂತರ

‘ಶಾಲೆ ಸೋರುತ್ತಿದೆ, ದುರಸ್ತಿ ಮಾಡಿಸಿಕೊಡಿ’ ಎಂಬ ಒಂದು ಸಾಲಿನ ಮನವಿಗೆ ಹಣ ಬರುವುದು ಅಪರೂಪ. ಯಾವ ಕೊಠಡಿ, ಏನು ದೋಷ, ಎಷ್ಟು ಮಕ್ಕಳು, ಜಾಗ ಯಾರ ಹೆಸರಿನಲ್ಲಿದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿದ್ಧವಿದ್ದರೆ ಮಾತ್ರ ಗ್ರಾಮಸಭೆಯಲ್ಲಿ ಎತ್ತಿದ ಕೈಗಳಿಗೆ ಬೆಲೆ ಬರುತ್ತದೆ. ಆದ್ದರಿಂದ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು, ಅಂದರೆ ಎಸ್‌ಡಿಎಂಸಿಯವರು, ಸಭೆಗೆ ಹಲವು ತಿಂಗಳು ಮೊದಲೇ ಕೆಲಸ ಆರಂಭಿಸಬೇಕು.

ಕೊಡಗಿನಲ್ಲಿ ಕಟ್ಟಡದ ಪರಿಶೀಲನೆಗೆ ತಕ್ಕ ಕಾಲ ಜುಲೈ ಮತ್ತು ಆಗಸ್ಟ್. ಬೇಸಿಗೆಯಲ್ಲಿ ಸುಣ್ಣ ಬಳಿದು ಚೆನ್ನಾಗಿ ಕಾಣುವ ಗೋಡೆಯೇ ಮಳೆ ಹಿಡಿದಾಗ ತಳದಿಂದ ಮೊಣಕಾಲೆತ್ತರದವರೆಗೆ ತೇವ ಹೀರಿ ಗಾರೆ ಉದುರಿಸುತ್ತದೆ. ಹೆಂಚಿನ ಮಾಡಿನ ಕೊಠಡಿಯಾದರೆ ಒಡೆದ ಹೆಂಚುಗಳನ್ನು ಎಣಿಸಿದರೆ ಸಾಲದು. ಹೆಂಚನ್ನು ಹೊರುವ ಪಕಾಸಿ ಮತ್ತು ರೀಪು ಎಂಬ ಮರದ ಪಟ್ಟಿಗಳಿಗೆ ಗೆದ್ದಲು ಹತ್ತಿದೆಯೇ, ಪಕಾಸಿಯ ತುದಿ ಗೋಡೆಯ ಮೇಲೆ ಕೂರುವ ಜಾಗದಲ್ಲಿ ಮರ ಮೆತ್ತಗಾಗಿದೆಯೇ ಎಂದು ಬಡಗಿಯೊಬ್ಬರಿಂದ ನೋಡಿಸಬೇಕು, ಏಕೆಂದರೆ ಮಾಡು ಕುಸಿಯುವ ಅಪಾಯ ಹೆಚ್ಚಾಗಿ ಇರುವುದು ಅಲ್ಲಿಯೇ. 2018ರ ಆಗಸ್ಟ್‌ನ ಭೂಕುಸಿತವನ್ನು ಕಂಡ ಜಿಲ್ಲೆಯಲ್ಲಿ ಶಾಲೆಯ ಹಿಂದಿನ ಬರೆಯನ್ನೂ (ಕಡಿದಾದ ಮಣ್ಣಿನ ದಿಬ್ಬವನ್ನೂ), ಅದರ ಕೆಳಗಿನ ಚರಂಡಿಯನ್ನೂ ಪರಿಶೀಲನೆಯಿಂದ ಬಿಡುವಂತಿಲ್ಲ. ಪ್ರತಿ ಕೊಠಡಿಗೆ ಸಂಖ್ಯೆ ಕೊಟ್ಟು, ದಿನಾಂಕ ಕಾಣುವ ಛಾಯಾಚಿತ್ರ ತೆಗೆದು, ಒಂದೊಂದು ಹಾಳೆಯಲ್ಲಿ ವಿವರ ಬರೆದಿಡಿ. ಬಳಿಕ ಮುಖ್ಯ ಶಿಕ್ಷಕರೊಂದಿಗೆ ಕುಳಿತು ಯುಡೈಸ್ ದಾಖಲೆಯನ್ನು, ಅಂದರೆ ಇಲಾಖೆಗೆ ಪ್ರತಿ ಶಾಲೆಯೂ ಕೊಡುವ ಮಾಹಿತಿಯ ದಾಖಲೆಯನ್ನು, ತೆರೆದು ನೋಡಿ. ಅದರಲ್ಲಿ ಕೊಠಡಿಗಳನ್ನು ಸುಸ್ಥಿತಿ, ಸಣ್ಣ ದುರಸ್ತಿ, ದೊಡ್ಡ ದುರಸ್ತಿ ಎಂದು ವಿಂಗಡಿಸಲಾಗಿರುತ್ತದೆ. ಸೋರುವ ಕೊಠಡಿ ಅಲ್ಲಿ ಸುಸ್ಥಿತಿಯಲ್ಲಿದೆ ಎಂದೇ ಉಳಿದಿದ್ದರೆ ನಿಮ್ಮ ಬೇಡಿಕೆಗೆ ಇಲಾಖೆಯ ದಾಖಲೆಯೇ ಅಡ್ಡಿಯಾಗುತ್ತದೆ.

ಮಕ್ಕಳ ಲೆಕ್ಕವನ್ನೂ ಅಷ್ಟೇ ಎಚ್ಚರದಿಂದ ಮಾಡಬೇಕು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ 30 ಮಕ್ಕಳಿಗೊಬ್ಬ, ಆರರಿಂದ ಎಂಟರವರೆಗೆ 35 ಮಕ್ಕಳಿಗೊಬ್ಬ ಶಿಕ್ಷಕರಿರಬೇಕು, ಪ್ರತಿ ಶಿಕ್ಷಕರಿಗೆ ಕನಿಷ್ಠ ಒಂದು ಕೊಠಡಿ ಇರಬೇಕು. ನಲಿಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕೆಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕೂರುವುದು ಕಲಿಕೆಯ ವಿಧಾನವೇ ಆಗಿರುವುದರಿಂದ ಅದನ್ನು ಇಕ್ಕಟ್ಟು ಎಂದು ತೋರಿಸಬಾರದು. ಐದನೆಯ ಮತ್ತು ಆರನೆಯ ತರಗತಿಗಳು ಒಂದೇ ಕೊಠಡಿಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂತಿದ್ದರೆ ಅದನ್ನು ತೋರಿಸಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಹೊರಗಿನಿಂದ ಬಂದ ಕಾರ್ಮಿಕರ ಮಕ್ಕಳು ತೋಟದ ಲೈನ್ ಮನೆಗಳಿಂದ (ಕಾರ್ಮಿಕರ ಸಾಲು ಮನೆಗಳಿಂದ) ಬಂದು ಸೇರುವ ಶಾಲೆಯಾದರೆ, ಆ ತಿಂಗಳುಗಳ ಹಾಜರಾತಿಯನ್ನು ಪ್ರತ್ಯೇಕವಾಗಿ ಕೊಡಿ. ಆ ಮಕ್ಕಳೂ ನಮ್ಮ ಶಾಲೆಯ ಮಕ್ಕಳೇ.

ಜಾಗದ ವಿಷಯದಲ್ಲಿ ಬಹಳ ಕಡತಗಳು ನಿಂತುಹೋಗುತ್ತವೆ. ಹಿಂದೆ ಯಾರೋ ಹಿರಿಯರು ಬಾಯಿಮಾತಿನಲ್ಲಿ ದಾನ ಕೊಟ್ಟ ಜಾಗವಾಗಿರಬಹುದು, ಪೈಸಾರಿ, ಅಂದರೆ ಸರ್ಕಾರಿ ಜಾಗ, ಆಗಿರಬಹುದು; ಯಾವುದೇ ಆದರೂ ಪಹಣಿಯಲ್ಲಿ ಶಾಲೆಯ ಹೆಸರು ಬಂದಿದೆಯೇ ನೋಡಿ, ಇಲ್ಲದಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.

ಸಮಗ್ರ ಶಿಕ್ಷಣ ಯೋಜನೆಯ ವಾರ್ಷಿಕ ಶಾಲಾ ಅನುದಾನ ಮಕ್ಕಳ ಸಂಖ್ಯೆಗೆ ತಕ್ಕಂತೆ ಇರುತ್ತದೆ: 30ರವರೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000. ಹೆಂಚು ಕೈಯಾಡಿಸುವಂಥ ಕೆಲಸಕ್ಕೆ ಇದರಲ್ಲಿ ದಾರಿಯುಂಟು, ಹೊಸ ಕೊಠಡಿಗೆ ಇಲ್ಲ. ದೊಡ್ಡ ಕೆಲಸವನ್ನು ಶಿಕ್ಷಣ ಹಕ್ಕು ಕಾಯ್ದೆ ಹೇಳುವ ಶಾಲಾ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸಿ, ಎಸ್‌ಡಿಎಂಸಿಯಲ್ಲಿ ಅಂಗೀಕರಿಸಿದ ಮೇಲೆಯೇ ಗ್ರಾಮಸಭೆಗೆ ತನ್ನಿ. ಅದಕ್ಕೂ ಮೊದಲು ಮಕ್ಕಳ ಗ್ರಾಮಸಭೆ ನಡೆದರೆ, ಎಲ್ಲಿ ನೀರು ಬೀಳುತ್ತದೆ ಎಂಬುದನ್ನು ಮಕ್ಕಳೇ ಹೇಳಲಿ.

ಮುಂದಿನ ವರ್ಷದ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯ ತಯಾರಿ ಸಾಮಾನ್ಯವಾಗಿ ಅಕ್ಟೋಬರ್ 2ರ ಸುಮಾರಿಗೆ ಆರಂಭವಾಗುವುದರಿಂದ ಆ ಸಮಯದ ಗ್ರಾಮಸಭೆಯನ್ನು ತಪ್ಪಿಸಿಕೊಳ್ಳಬೇಡಿ. ಕೂಲಿ ಬಿಟ್ಟು ಬರಲಾಗದ ಪೋಷಕರಿಗಾಗಿ ರಜೆಯ ದಿನ ಸಭೆ ಇಡುವಂತೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಮುಂಚಿತವಾಗಿ ಕೇಳಿಕೊಳ್ಳಿ. ಮಕ್ಕಳೇ ಕಡಿಮೆಯಾಗುತ್ತಿರುವಾಗ ಕಟ್ಟಡವೇಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು ನ್ಯಾಯವಾದ ಪ್ರಶ್ನೆ. ಹಾಜರಾತಿಯ ಅಂಕಿಗಳನ್ನು ಮುಂದಿಟ್ಟು ಉತ್ತರಿಸಿ, ಅಗತ್ಯಕ್ಕಿಂತ ಒಂದು ಕೊಠಡಿಯನ್ನೂ ಹೆಚ್ಚು ಕೇಳಬೇಡಿ.

ನಿರ್ಣಯದ ಒಕ್ಕಣೆ ಹೀಗಿರಲಿ: ‘ಶಾಲೆಯ 3 ಮತ್ತು 4ನೆಯ ಕೊಠಡಿಗಳ ಮಾಡು ಅಪಾಯಕರವಾಗಿರುವುದರಿಂದ, ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದಿಂದ ಅಂದಾಜುಪಟ್ಟಿ ಪಡೆದು ಜಿಲ್ಲಾ ಪಂಚಾಯಿತಿಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಸಲ್ಲಿಸಲು ಹಾಗೂ ಅಲ್ಲಿಯವರೆಗೆ ಆ ಕೊಠಡಿಗಳಲ್ಲಿ ಮಕ್ಕಳನ್ನು ಕೂರಿಸದಿರಲು ಸಭೆ ತೀರ್ಮಾನಿಸಿದೆ.’ ಪರ ಮತ್ತು ವಿರೋಧವಾಗಿ ಎತ್ತಿದ ಕೈಗಳ ಸಂಖ್ಯೆಯನ್ನು ನಡವಳಿ ಪುಸ್ತಕದಲ್ಲಿ ಬರೆಸಿ, ದೃಢೀಕೃತ ನಕಲು ಪಡೆಯಿರಿ.

ಅದೇ ನಕಲನ್ನು ಅಂದಾಜುಪಟ್ಟಿಯೊಂದಿಗೆ ಶಾಸಕರಿಗೂ ಸಂಸದರಿಗೂ ಅವರ ಪ್ರದೇಶಾಭಿವೃದ್ಧಿ ನಿಧಿಗಾಗಿ ಕೊಡಬಹುದು. ಕಡತದ ಸುಳಿವು ಸಿಗದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 30 ದಿನಗಳಲ್ಲಿ ಉತ್ತರ ಬರಬೇಕು. ಮಂಜೂರಾತಿ ಬಂದ ಮೇಲೆ ಹಳೆಯ ಮಾಡನ್ನು ಡಿಸೆಂಬರ್‌ನಲ್ಲಿಯೇ ಇಳಿಸಿ, ಮೇ ತಿಂಗಳೊಳಗೆ ಹೊಸದನ್ನು ಮುಚ್ಚುವಂತೆ ಗುತ್ತಿಗೆದಾರರಿಂದ ಲಿಖಿತ ಒಪ್ಪಿಗೆ ಪಡೆಯಿರಿ; ಜೂನ್‌ಗೆ ಹೋದ ಕೆಲಸ ಇಲ್ಲಿ ಅಕ್ಟೋಬರ್‌ವರೆಗೆ ಮುಂದಕ್ಕೆ ಹೋಗುತ್ತದೆ.