ಪುಷ್ಪಕ್ ಇಳಿದ ತಾಲ್ಲೂಕಿನಲ್ಲಿ ಗ್ಲೈಡರ್ ಪಾಠ

ಚಳ್ಳಕೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಮೇಷ್ಟ್ರು. ಇಸ್ರೋದ ಮೋಟು ರೆಕ್ಕೆಯ ಮರುಬಳಕೆ ಬಾಹ್ಯಾಕಾಶ ವಾಹನ ಪುಷ್ಪಕ್ ಪರೀಕ್ಷೆಗೆ ಇಳಿದದ್ದು ನಮ್ಮ ತಾಲ್ಲೂಕಿನ ರನ್‌ವೇ ಮೇಲೆ. 2023ರ ಏಪ್ರಿಲ್ 2, 2024ರ ಮಾರ್ಚ್ 22, ಆಮೇಲೆ ಅದೇ ವರ್ಷ ಜೂನ್ 23. ಮೂರು ಸಲವೂ ಪೈಲಟ್ ಇಲ್ಲದೆ, ಎಂಜಿನ್ ಇಲ್ಲದೆ ತಾನಾಗೇ ಇಳಿಯಿತು. ನಮ್ಮ ಮಕ್ಕಳು ಇದನ್ನು ಮೊಬೈಲ್‌ನಲ್ಲಿ ನೋಡಿದ್ದರು. "ಅದು ನಮ್ಮೂರ ಹತ್ರಾನೇ ಸಾರ್" ಅನ್ನುವ ಹೆಮ್ಮೆ ಇತ್ತು. ಅದು ಹೇಗೆ ಇಳಿಯಿತು ಅಂತ ಕೇಳಿದರೆ ಮಾತ್ರ ಎಲ್ಲರೂ ಸುಮ್ಮನಾಗುತ್ತಿದ್ದರು.

ಆ ಜಾಗ ಮೊದಲು ಅಮೃತ ಮಹಲ್ ಕಾವಲು. "ನಮ್ಮಜ್ಜ ಅಲ್ಲೇ ಕುರಿ ಮೇಯಿಸ್ತಿದ್ರಂತೆ ಸಾರ್" ಅನ್ನುವ ಹುಡುಗರು ನನ್ನ ಕ್ಲಾಸಿನಲ್ಲಿ ಈಗಲೂ ಇದ್ದಾರೆ. ಹುಲ್ಲುಗಾವಲು ಬಿಟ್ಟುಕೊಟ್ಟ ಮನೆಯ ಮಕ್ಕಳಿಗೆ ಬೇಲಿಯಾಚೆಯ ವಿಜ್ಞಾನವಾದರೂ ಸಿಗಬೇಕು. ನನಗೆ ಇದು ಪಾಠದ ಮಾತಷ್ಟೇ ಅಲ್ಲ, ನ್ಯಾಯದ ಮಾತು. ಹಾಗಾಗಿ ಇಸ್ರೋ ಪ್ರಕಟಿಸಿದ ಅಂಕಿಗಳನ್ನೇ ಹಿಡಿದುಕೊಂಡು ಪಾಠ ಕಟ್ಟಿದೆ.

ಮೊದಲು ಗ್ಲೈಡರ್. ಡ್ರಾಯಿಂಗ್ ಶೀಟಿನಲ್ಲಿ ರೆಕ್ಕೆ ಕತ್ತರಿಸಿ, ಮೂತಿಗೆ ಯು ಪಿನ್ ಸಿಕ್ಕಿಸಿ, ಶಾಲೆಯ ಮಾಳಿಗೆ ಮೇಲಿಂದ ಬಿಟ್ಟೆವು. ಪಿನ್ ಕಮ್ಮಿಯಾದರೆ ಮೂತಿ ಮೇಲೆದ್ದು, ಒಂದು ಕ್ಷಣ ನಿಂತಂತಾಗಿ, ಬಾಲದ ಕಡೆಗೆ ಜಾರುತ್ತದೆ. ಜಾಸ್ತಿಯಾದರೆ ನೇರ ನೆಲಕ್ಕೆ ಮೂತಿ. ಆ ಹದ ಸಿಗುವ ತನಕ ಮಕ್ಕಳು ಊಟದ ಬೆಲ್ ಹೊಡೆದರೂ ಕದಲಲಿಲ್ಲ. ಹದ ಸಿಕ್ಕ ಮೇಲೆ ಟೇಪು ಹಿಡಿದು ಅಳೆದರು. ಒಂದು ಮೀಟರ್ ಇಳಿದರೆ ಮುಂದಕ್ಕೆ ನಾಲ್ಕೈದು ಮೀಟರ್ ಹೋಗುತ್ತಿತ್ತು. ದೊಡ್ಡ ಪ್ರಯಾಣಿಕ ವಿಮಾನ ಎಂಜಿನ್ ನಿಂತರೂ ಅಷ್ಟೇ ಇಳಿತಕ್ಕೆ ಹದಿನೈದಕ್ಕಿಂತ ಹೆಚ್ಚು ಮೀಟರ್ ಮುಂದೆ ಹೋಗಬಲ್ಲದು.

ಆಮೇಲೆ ಬೋರ್ಡ್ ಮೇಲೆ ಪುಷ್ಪಕ್‌ನ ಲೆಕ್ಕ ಬರೆದೆ. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು 4.5 ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಮೂರನೇ ಪ್ರಯೋಗದಲ್ಲಿ ರನ್‌ವೇ ಅಲ್ಲಿಂದ 4.5 ಕಿಲೋಮೀಟರ್ ದೂರ. ಒಂದಕ್ಕೆ ಒಂದು! ಹಿಂದಿನ ಬೆಂಚಿನ ಹುಡುಗಿ ಥಟ್ಟನೆ ಹೇಳಿದಳು, "ಸಾರ್, ಇದು ಹಾರೋದಲ್ಲ, ಬೀಳೋದು." ಆ ಮಾತಿಗೇ ಕಾಯುತ್ತಿದ್ದೆ. ಬೀಳುತ್ತಲೇ ದಾರಿ ತಿದ್ದಿಕೊಂಡು, ರನ್‌ವೇ ನಡುಗೆರೆ ಹಿಡಿದು ಇಳಿಯುವುದೇ ಅದರ ಹೆಚ್ಚುಗಾರಿಕೆ.

ಅದಕ್ಕೆ ರೆಕ್ಕೆ ಅಷ್ಟು ಮೊಂಡು ಯಾಕೆ? ನಮ್ಮ ಗ್ಲೈಡರ್‌ನ ರೆಕ್ಕೆಯನ್ನೂ ಮೋಟು ಮಾಡಿದೆವು. ಮತ್ತೆ ಪಿನ್ ಹದ ಮಾಡಿ ಬಿಟ್ಟರೆ ಅದೂ ಬಿರುಸಾಗಿ ಇಳಿಯಿತು. ಪುಷ್ಪಕ್ ನೆಲ ಮುಟ್ಟಿದ್ದು ಗಂಟೆಗೆ 320 ಕಿಲೋಮೀಟರ್‌ಗೂ ಹೆಚ್ಚಿನ ವೇಗದಲ್ಲಿ. ಪ್ರಯಾಣಿಕ ವಿಮಾನ ಸುಮಾರು 260ರಲ್ಲಿ ಇಳಿಯುತ್ತದೆ. ಬ್ರೇಕ್ ಪ್ಯಾರಾಚೂಟ್ ಬಿಚ್ಚಿ ವೇಗ 100ರ ಹತ್ತಿರ ಬಂದ ಮೇಲೆ ಚಕ್ರದ ಬ್ರೇಕ್ ಹಾಕಿದ್ದು. ಇಷ್ಟು ಕಷ್ಟಪಟ್ಟು ಮೊಂಡು ರೆಕ್ಕೆ ಇಡಲು ಕಾರಣ ಬಾಹ್ಯಾಕಾಶ. ಕಕ್ಷೆಯಿಂದ ವಾಪಸ್ ಬರುವ ವಾಹನದ ವೇಗ ಗಂಟೆಗೆ 28,000 ಕಿಲೋಮೀಟರ್‌ನಷ್ಟು. ಎದುರಿನ ಗಾಳಿ ಒತ್ತಿಕೊಂಡು ಬಿಸಿಯಾಗುತ್ತದೆ. ಉದ್ದ, ತೆಳು ರೆಕ್ಕೆ ಆ ಬಿಸಿಗೆ ಉಳಿಯುವುದಿಲ್ಲ. ಇದನ್ನು ಬಾಯಲ್ಲಿ ಹೇಳಲು ಹೋಗಬೇಡಿ. ಸೈಕಲ್ ಪಂಪ್ ತನ್ನಿ, ಬಾಯಿ ಮುಚ್ಚಿ ಜೋರಾಗಿ ಒತ್ತಿಸಿ, ಬುಡ ಮುಟ್ಟಲು ಹೇಳಿ. ಚುರ್ ಎಂದಾಗ ಮಕ್ಕಳ ಮುಖ ನೋಡಬೇಕು.

ಗಾಳಿಯ ವಿಷಯ ನಮ್ಮವರಿಗೆ ಬೇಗ ಹತ್ತಿತು. ಜೂನ್ ಅಂದರೆ ನಮ್ಮಲ್ಲಿ ಗಾಳಿಕಾಲ ಅಲ್ವಾ. ಮೂರನೇ ಪ್ರಯೋಗ ಆದದ್ದೂ ಅಂಥ ಅಡ್ಡಗಾಳಿಯಲ್ಲೇ. ಟೇಬಲ್ ಫ್ಯಾನ್ ಪಕ್ಕಕ್ಕಿಟ್ಟು ಗ್ಲೈಡರ್ ಬಿಟ್ಟೆವು. ಅದು ದಾರಿ ತಪ್ಪಿದಾಗ ಬಾಲದ ತುದಿಯನ್ನು ಒಂದಿಷ್ಟೇ ಬಾಗಿಸಿ ಸರಿಮಾಡಿದರು. ಪುಷ್ಪಕ್‌ನಲ್ಲಿ ಇದನ್ನು ಕಂಪ್ಯೂಟರ್ ಮಾಡುತ್ತದೆ. ದಾರಿ ತೋರುವ ನಮ್ಮದೇ ನಾವಿಕ್ ಉಪಗ್ರಹಗಳ ಸಂಕೇತ, ಎತ್ತರ ಅಳೆಯುವ ರೇಡಾರ್ ಅದಕ್ಕೆ ಕಣ್ಣು.

ಇಲ್ಲಿ ನಡೆದದ್ದು ಕೊನೆಯ ಇಳಿತದ ಪರೀಕ್ಷೆ ಮಾತ್ರ ಅಂತಲೂ ಮಕ್ಕಳಿಗೆ ಹೇಳಿದೆ. ಕಕ್ಷೆಗೆ ಹೋಗಿ ಬರುವುದು ಇನ್ನೂ ಬಾಕಿ ಇದೆ. 2016ರ ಮೇ 23ರಂದು ಶ್ರೀಹರಿಕೋಟಾದಿಂದ ಹಾರಿದ ಇದರ ಹಿಂದಿನ ವಾಹನ ಸುಮಾರು 65 ಕಿಲೋಮೀಟರ್ ಎತ್ತರ ಮುಟ್ಟಿ ಬಂಗಾಳಕೊಲ್ಲಿಗೆ ಇಳಿದಿತ್ತು. ಪಿಎಸ್‌ಎಲ್‌ವಿ ಎಂಬ ಇಸ್ರೋ ರಾಕೆಟ್ ಒಂದು ಸಲ ಹಾರಿದರೆ ಮುಗಿಯಿತು, ಮುಂದಿನ ಉಡಾವಣೆಗೆ ಮತ್ತೆ ಹೊಸದೇ ಬೇಕು. ಅಮೆರಿಕದ ಫಾಲ್ಕನ್ 9 ರಾಕೆಟ್‌ನ ಕೆಳಭಾಗ 2015ರ ಡಿಸೆಂಬರ್‌ನಲ್ಲಿ ಮೊದಲ ಸಲ ನೆಟ್ಟಗೆ ನೆಲಕ್ಕಿಳಿದ ಮೇಲೆ ಮರುಬಳಕೆ ಮಾಮೂಲಾಗುತ್ತಾ ಬಂದಿದೆ. ಕಳಿಸುವ ಖರ್ಚು ಇಳಿದರೆ ಉಪಗ್ರಹಗಳು ಹೆಚ್ಚುತ್ತವೆ.

"ಅದರಿಂದ ನಮಗೇನು ಸಾರ್?" ಅಂತ ಒಬ್ಬ ಕೇಳಿದ. ಅವರ ಮನೆಯಲ್ಲಿ ಶೇಂಗಾ ಬೆಳೆಯುತ್ತಾರೆ. ಉತ್ತರಕ್ಕೆ ನೈಸಾರ್ ತೋರಿಸಿದೆ. ನಾಸಾ, ಇಸ್ರೋ ಸೇರಿ ಮಾಡಿದ ಈ ಉಪಗ್ರಹ 2025ರ ಜುಲೈ 30ರಂದು ಹಾರಿತು. ಅದರ ರೇಡಾರ್‌ಗೆ ಮೋಡ ಅಡ್ಡಿಯಲ್ಲ, ರಾತ್ರಿಯೂ ಅಡ್ಡಿಯಲ್ಲ. ಅದೇ ಜಾಗದ ಮೇಲೆ ಅದೇ ದಾರಿಯಲ್ಲಿ 12 ದಿನಕ್ಕೊಮ್ಮೆ ಬರುತ್ತದೆ. ಮಣ್ಣಿನ ತೇವವನ್ನೂ ಅಂದಾಜು ಮಾಡಬಲ್ಲದು. ಶೇಂಗಾಕ್ಕೆ ಹೂ ಬಂದು, ಅದರಿಂದ ಹೊರಟ ಸೂಜಿಯಂಥ ಎಳೆ ನೆಲಕ್ಕಿಳಿಯುವ ಹೊತ್ತಿಗೆ ತೇವ ಇಲ್ಲದಿದ್ದರೆ ಕಾಯಿ ಕಟ್ಟುವುದಿಲ್ಲ. ಇದು ಆ ಹುಡುಗನಿಗೆ ನನಗಿಂತ ಚೆನ್ನಾಗಿ ಗೊತ್ತು.

ಈಗ ಅವನ ಗುಂಪಿನದೇ ಮುಂದಿನ ಕೆಲಸ. ಹೊಲದಿಂದ 100 ಗ್ರಾಂ ಮಣ್ಣು ತಂದು, ಚೆನ್ನಾಗಿ ಒಣಗಿಸಿ, ಮತ್ತೆ ತೂಗಿ ವ್ಯತ್ಯಾಸ ಬರೆದಿಡುತ್ತಾರೆ. ಮಣ್ಣು ತೆಗೆದ ದಿನ, ಆಳ, ಯಾರ ಹೊಲ, ಹಿಂದೆ ಮಳೆ ಬಿದ್ದದ್ದು ಯಾವಾಗ, ಎಲ್ಲ ಅದೇ ನೋಟ್‌ಬುಕ್ಕಿನಲ್ಲಿ. ಉಪಗ್ರಹದ ಅಂದಾಜಿನ ಪಕ್ಕ ಇದನ್ನಿಟ್ಟು ನೋಡುವ ಆಸೆ ನಮಗೆ. ಹಿರಿಯೂರು, ಮೊಳಕಾಲ್ಮೂರು, ಜಗಳೂರು ಕಡೆಯ ಶಾಲೆಯವರು ಸೇರುವುದಾದರೆ ಒಂದೇ ಆಳದ ಮಣ್ಣು ತೆಗೆಯಿರಿ. ನಾವು ಐದು ಸೆಂಟಿಮೀಟರ್ ಇಟ್ಟುಕೊಂಡಿದ್ದೇವೆ.