ಹಳೆ ಗಾಯವಿದ್ದ ಹೊಟ್ಟೆಗೆ ತೂಕದ ಆಪರೇಷನ್

ನನ್ನ ಹೊಟ್ಟೆಯ ಬಲಗಡೆ, ಪಕ್ಕೆಲುಬಿನ ಕೆಳಗೆ, ಗೇಣುದ್ದದ ಒಂದು ಗಾಯದ ಗುರುತಿದೆ. 2004ರಲ್ಲಿ ಪಿತ್ತಕೋಶದ ಕಲ್ಲಿಗೆ ಓಪನ್ ಆಪರೇಷನ್ ಆಗಿದ್ದು. ಹದಿನೆಂಟು ವರ್ಷ ಕಳೆದು ತೂಕ ಇಳಿಸುವ ಆಪರೇಷನ್ ಬಗ್ಗೆ ವಿಚಾರಿಸಲು ಹೋದಾಗ, ಡಾಕ್ಟರುಗಳ ಕಣ್ಣು ಮೊದಲು ಹೋಗಿದ್ದೇ ಆ ಗುರುತಿನ ಮೇಲೆ.

ನಾನು ತಿಪಟೂರು ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. 2022ರಲ್ಲಿ ನನಗೆ 47 ವರ್ಷ. ಎತ್ತರ 158 ಸೆಂಟಿಮೀಟರ್, ತೂಕ 114 ಕಿಲೋ. ಎತ್ತರಕ್ಕೆ ತೂಕ ಎಷ್ಟು ಅಂತ ಅಳೆಯುವ ಬಿಎಂಐ ಲೆಕ್ಕ ಹಾಕಿದರೆ 45 ದಾಟುತ್ತಿತ್ತು. ಹನ್ನೊಂದು ವರ್ಷದ ಶುಗರ್, ಅದರಲ್ಲಿ ಎರಡು ವರ್ಷ ಇನ್ಸುಲಿನ್. ರಾತ್ರಿ ಗೊರಕೆಯ ಮಧ್ಯೆ ಉಸಿರು ನಿಂತುಹೋಗುತ್ತಿತ್ತು, ನಮ್ಮ ಯಜಮಾನರು ಗಾಬರಿಯಿಂದ ತಟ್ಟಿ ಎಬ್ಬಿಸುತ್ತಿದ್ದರು. ಅನ್ನ ಬಿಟ್ಟು ನೋಡಿದ್ದೆ, ಬೆಳಿಗ್ಗೆ ಐದಕ್ಕೆ ಎದ್ದು ನಡೆದಿದ್ದೆ. ಎಂಟು ಕಿಲೋ ಇಳಿದರೆ ವರ್ಷದೊಳಗೆ ಹತ್ತು ಕಿಲೋ ವಾಪಸ್ ಬರುತ್ತಿತ್ತು. ಆಪರೇಷನ್ ಬೇಕು ಅನ್ನುವುದರಲ್ಲಿ ನನಗೆ ಅನುಮಾನ ಉಳಿದಿರಲಿಲ್ಲ. ಹೇಗೆ ಮಾಡಿಸುವುದು, ಹೊಟ್ಟೆ ಕೊಯ್ದು ಮಾಡುವ ಓಪನ್ನೋ, ಸಣ್ಣ ತೂತುಗಳಲ್ಲಿ ಕ್ಯಾಮೆರಾ ಬಿಟ್ಟು ಮಾಡುವ ಲ್ಯಾಪ್ರೋಸ್ಕೋಪಿಯೋ ಅನ್ನುವುದೇ ಪ್ರಶ್ನೆಯಾಗಿತ್ತು.

ನನ್ನ ಮೈ ಎರಡೂ ರೀತಿಯನ್ನು ಕಂಡಿತ್ತು. ಎರಡನೇ ಮಗು ಹುಟ್ಟಿದ ಮರುವರ್ಷ ತಾಲ್ಲೂಕು ಆಸ್ಪತ್ರೆಯ ಕ್ಯಾಂಪಿನಲ್ಲಿ ಸಂತಾನಹರಣ ಆಪರೇಷನ್ ಮಾಡಿಸಿದ್ದೆ, ಅದು ಲ್ಯಾಪ್ರೋಸ್ಕೋಪಿ. ಸಂಜೆ ಮನೆಗೆ ಬಂದೆ, ಎರಡು ದಿನಕ್ಕೆ ಒಲೆ ಮುಂದೆ ನಿಂತಿದ್ದೆ. ನಮ್ಮ ಊರುಗಳಲ್ಲಿ ಲ್ಯಾಪ್ರೋಸ್ಕೋಪಿ ಅಂದರೆ ಇವತ್ತಿಗೂ ಅದೇ ಆಪರೇಷನ್. ಹಾಗಾಗಿಯೇ ಅತ್ತೆ ಕೇಳಿದ್ದರು, "ಮಕ್ಕಳಾಗದ ಹಾಗೆ ಮಾಡೋದಲ್ವೇನೇ ಅದು? ಈ ವಯಸ್ಸಲ್ಲಿ ಯಾಕೆ ನಿನಗೆ?" ಪಿತ್ತಕೋಶದ ಓಪನ್ ಆಪರೇಷನ್ ಮಾತ್ರ ಬೇರೆಯೇ ಕಥೆ. ಕೆಮ್ಮಿದರೆ ಪ್ರಾಣ ಹೋದ ಹಾಗಾಗುತ್ತಿತ್ತು. ಎಂಟನೇ ದಿನ ಗಾಯದಲ್ಲಿ ಕೀವು ಕಾಣಿಸಿತು. ಚರ್ಮದ ಕೆಳಗೆ ಕೊಬ್ಬಿನ ಪದರ ದಪ್ಪ ಇದ್ದರೆ ಅಲ್ಲಿ ರಕ್ತ ಓಡಾಟ ಕಡಿಮೆ, ಸೋಂಕು ಬೇಗ ಹಿಡಿಯುತ್ತದೆ. ಎರಡು ತಿಂಗಳು ದಿನಾ ಡ್ರೆಸ್ಸಿಂಗ್ ಮಾಡಿಸಿಕೊಂಡೆ. ಆಗ ನನ್ನ ತೂಕ 80 ಕಿಲೋ ಅಷ್ಟೇ. 114 ಕಿಲೋದಲ್ಲಿ ಅದೇ ಮತ್ತೆ ಆದರೆ?

ಹತ್ತಿರದ ಊರಿನ ಸರ್ಜನ್ ಒಬ್ಬರನ್ನು ಮೊದಲು ಕಂಡೆ. ಅವರು ಗುರುತಿನ ಮೇಲೆ ಕೈಯಿಟ್ಟು ನೋಡಿ, "ಒಳಗೆ ಕರುಳು, ಕೊಬ್ಬು ಎಲ್ಲ ಅಂಟಿಕೊಂಡಿರುತ್ತೆ. ನಾನಾದರೆ ನೇರ ಓಪನ್ ಮಾಡ್ತೀನಿ. ಖರ್ಚೂ ಒಂದು ಲಕ್ಷ ಕಡಿಮೆ" ಅಂದರು. ಕೇಳಿ ಎದೆ ಧಸಕ್ಕೆಂದಿತು. ಆದರೆ ಅವರು ಹೇಳಿದ್ದು ತಪ್ಪಲ್ಲ. ಒಂದು ಸಲ ಹೊಟ್ಟೆ ತೆರೆದರೆ ಒಳಗಿನ ಅಂಗಗಳು ಗಾಯದ ಜಾಗಕ್ಕೆ ಅಂಟಿಕೊಳ್ಳುವುದು ಸಾಮಾನ್ಯ. ತನ್ನ ಕೈಗೆ ಯಾವುದು ಪಳಗಿದೆಯೋ ಅದನ್ನು ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅದಕ್ಕೆ ನಾನು ಇವತ್ತಿಗೂ ಅವರಿಗೆ ಋಣಿ.

ಮಗಳು ಬೆಂಗಳೂರಲ್ಲಿದ್ದಾಳೆ. "ಅಮ್ಮ, ಇನ್ನೊಬ್ಬರ ಹತ್ರ ಕೇಳದೆ ಹೂಂ ಅನ್ಬೇಡ" ಎಂದು ಹಟ ಹಿಡಿದಳು. ಆ ಎರಡು ವಾರ ನಾನು ಪಾಠಕ್ಕೆ ತಯಾರಾಗುವ ಹಾಗೆ ಓದಿದೆ. ಹೊಟ್ಟೆ ಚಿಕ್ಕದು ಮಾಡಿ ಕರುಳಿಗೆ ಜೋಡಿಸುವ ಬೈಪಾಸ್ ಆಪರೇಷನ್ ಶುರುವಾಗಿದ್ದು 1966ರಲ್ಲಿ, ಅಮೆರಿಕದ ಅಯೋವಾದಲ್ಲಿ, ಎಡ್ವರ್ಡ್ ಮೇಸನ್ ಅವರ ಕೈಯಲ್ಲಿ. ಎದೆಮೂಳೆಯ ಕೆಳಗಿನಿಂದ ಹೊಕ್ಕಳ ಹತ್ತಿರದ ತನಕ ಕೊಯ್ದು ಮಾಡುತ್ತಿದ್ದರು. ಸುಮಾರು ಮೂರು ದಶಕ ಅದೇ ದಾರಿ. 1994ರಲ್ಲಿ ಅಲನ್ ವಿಟ್‌ಗ್ರೋವ್ ಮತ್ತು ಜೊತೆಯವರು ಅದನ್ನೇ ಲ್ಯಾಪ್ರೋಸ್ಕೋಪಿಯಲ್ಲಿ ಮಾಡಿದ ವರದಿ ಕೊಟ್ಟರು. 2001ರಲ್ಲಿ ಕ್ಯಾಲಿಫೋರ್ನಿಯಾದಿಂದ ಒಂದು ಅಧ್ಯಯನ ಬಂತು. 155 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಓಪನ್, ಇನ್ನೊಂದಕ್ಕೆ ಲ್ಯಾಪ್ರೋಸ್ಕೋಪಿ ಬೈಪಾಸ್ ಮಾಡಿ ಹೋಲಿಸಿದ್ದರು. ಓಪನ್ ಆದವರಲ್ಲಿ ನೂರಕ್ಕೆ ಸುಮಾರು 8 ಜನರಿಗೆ ಕೊಯ್ದ ಜಾಗದಲ್ಲಿ ಹರ್ನಿಯಾ (ಒಳಗಿನ ಕರುಳು, ಕೊಬ್ಬು ಹೊರಕ್ಕೆ ಉಬ್ಬುವುದು) ಬಂದಿತ್ತು, ಲ್ಯಾಪ್ರೋಸ್ಕೋಪಿಯಲ್ಲಿ ಒಬ್ಬರಿಗೂ ಇಲ್ಲ. ಗಾಯದ ಸೋಂಕೂ ಓಪನ್‌ನಲ್ಲೇ ಜಾಸ್ತಿ. ಆದರೆ ಹೊಟ್ಟೆ–ಕರುಳಿನ ಜೋಡಣೆ ಕಿರಿದಾಗಿ ತೊಂದರೆ ಕೊಟ್ಟಿದ್ದು ಲ್ಯಾಪ್ರೋಸ್ಕೋಪಿಯಲ್ಲೇ ಹೆಚ್ಚು. ಒಂದು ವರ್ಷಕ್ಕೆ ಇಳಿದ ತೂಕ ಮಾತ್ರ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ.

ಈ ಕೊನೆಯ ಮಾತಿಗೆ ನಾನು ಬಹಳ ಹೊತ್ತು ಅಂಟಿಕೊಂಡು ಕೂತೆ. ತೂಕ ಇಳಿಸುವುದು ಒಳಗೆ ಆಗುವ ಕೆಲಸ. ತೂತೋ ಸೀಳೋ ಅನ್ನುವುದು ಆ ಕೆಲಸದ ಜಾಗಕ್ಕೆ ಹೋಗುವ ದಾರಿ ಅಷ್ಟೇ. ನಾನು ದಾರಿಯ ಬಗ್ಗೆಯೇ ಹೆದರಿಕೊಂಡು, ಒಳಗೆ ಏನು ಮಾಡುತ್ತಾರೆ ಅಂತ ಸರಿಯಾಗಿ ಕೇಳಿಯೇ ಇರಲಿಲ್ಲ.

ಬೆಂಗಳೂರಿನ ಸರ್ಜನ್ ಮುಂದೆ ಕೂತಾಗ ಹಾಗಾಗಿ ಮೊದಲು ಅದನ್ನೇ ಕೇಳಿದೆ. ಅವರು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಸ್ಲೀವ್ ಅಂದರೆ ಹೊಟ್ಟೆಯ ಚೀಲದ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚನ್ನೇ ಕತ್ತರಿಸಿ ತೆಗೆದು, ಬಾಳೆಹಣ್ಣಿನಂಥ ಸಣ್ಣ ಕೊಳವೆ ಉಳಿಸುವುದು. ಬೈಪಾಸ್ ಅಂದರೆ ಮೇಲ್ಭಾಗದಲ್ಲಿ ಒಂದು ಮೊಟ್ಟೆ ಗಾತ್ರದ ಪುಟ್ಟ ಚೀಲ ಮಾಡಿ, ಅದಕ್ಕೆ ಸಣ್ಣಕರುಳನ್ನು ತಂದು ಹೊಲಿಯುವುದು. ಉಳಿದ ಹೊಟ್ಟೆ ಒಳಗೇ ಇರುತ್ತದೆ, ಊಟ ಮಾತ್ರ ಅದರೊಳಗೆ ಹೋಗುವುದಿಲ್ಲ. ನನಗೆ ಮೊದಲಿಂದ ಹುಳಿತೇಗು, ಎದೆಯುರಿ ಜಾಸ್ತಿ. ಸ್ಲೀವ್ ಆದರೆ ಅದು ಇನ್ನೂ ಹೆಚ್ಚಾಗಬಹುದು. ಹಳೆಯ ಶುಗರ್‌ಗೂ ಬೈಪಾಸ್ ಮೇಲು. ಆದ್ದರಿಂದ ಬೈಪಾಸ್ ಎಂದು ತೀರ್ಮಾನವಾಯಿತು.

ಆಮೇಲೆ ದಾರಿಯ ವಿಚಾರ. "ನಿಮ್ಮ ಗಾಯ ಇರೋದು ಬಲಗಡೆ ಟೀಚರ್" ಅಂದರು ಅವರು. "ಹೊಟ್ಟೆ ಚೀಲ ಇರೋದು ಎಡಕ್ಕೆ. ನಾವು ಮೊದಲ ತೂತು ಎಡ ಪಕ್ಕೆಲುಬಿನ ಕೆಳಗೆ, ಗಾಯದಿಂದ ದೂರ ಮಾಡ್ತೀವಿ. ಕ್ಯಾಮೆರಾದಲ್ಲಿ ನೋಡ್ಕೊಂಡು, ಬಲಗಡೆ ಎಲ್ಲಿ ಅಂಟಿದೆಯೋ ಅದನ್ನ ಬಿಡಿಸ್ಕೊಂಡು ಬರ್ತೀವಿ."

ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿದ್ದ ಪ್ರಶ್ನೆಗಳಲ್ಲಿ ಮುಖ್ಯವಾದದ್ದು ಇದು: "ಯಾವ ಹೊತ್ತಿಗೆ ನೀವು ಲ್ಯಾಪ್ರೋಸ್ಕೋಪಿ ನಿಲ್ಲಿಸಿ ಹೊಟ್ಟೆ ತೆರೀತೀರಿ ಡಾಕ್ಟ್ರೇ? ಹಾಗೆ ಎಷ್ಟು ಜನರಿಗೆ ತೆರೆದಿದ್ದೀರಿ?" ಆಪರೇಷನ್‌ಗೆ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಲು ಅವಕಾಶ ಇದ್ದರೆ ಇದನ್ನೇ ಕೇಳಿ ಎಂದು ಎಲ್ಲರಿಗೂ ಹೇಳುತ್ತೇನೆ. ಅವರು ಸಿಟ್ಟಾಗಲಿಲ್ಲ, ಸುಮ್ನೆ "ಹೆದರ್ಬೇಡಿ" ಅಂತಲೂ ಹೇಳಲಿಲ್ಲ. ಕರುಳಿಗೆ ಪೆಟ್ಟಾಗುವ ಲಕ್ಷಣ ಕಂಡರೆ, ರಕ್ತ ನಿಲ್ಲದಿದ್ದರೆ, ಲಿವರ್ ಎತ್ತಿ ಹಿಡಿಯಲು ಆಗದಿದ್ದರೆ, ಬಿಡಿಸುತ್ತಾ ಹೋದರೂ ಮುಂದೆ ದಾರಿ ಕಾಣದಿದ್ದರೆ ತೆರೆಯುತ್ತೇನೆ ಎಂದರು. ತಾವು ತೆರೆದ ಕೆಲವು ಕೇಸುಗಳನ್ನು, ಯಾಕೆ ತೆರೆದೆ ಎಂಬುದನ್ನು ವಿವರಿಸಿದರು. "ಓಪನ್ ಮಾಡೋದು ಸೋಲಲ್ಲ. ಓಪನ್ ಮಾಡ್ಬೇಕಾದಾಗ ಮಾಡದೇ ಇರೋದು ತಪ್ಪು" ಅಂದರು. ಆ ಮಾತು ಕೇಳಿದ ಮೇಲೆಯೇ ಇವರ ಹತ್ತಿರ ಮಾಡಿಸಿಕೊಳ್ಳುತ್ತೇನೆ ಅಂದುಕೊಂಡಿದ್ದು.

ಇನ್ನೊಂದು ಮಾತೂ ಅವರೇ ಎತ್ತಿದರು. ಸಣ್ಣಕರುಳು ತೀರಾ ಅಂಟಿಕೊಂಡು ಮೇಲೆ ತರಲು ಆಗದಿದ್ದರೆ, ಬೈಪಾಸ್ ಬಿಟ್ಟು ಸ್ಲೀವ್ ಮಾಡಲು ಒಪ್ಪಿಗೆ ಇದೆಯಾ ಎಂದು. ಆಪರೇಷನ್ ಟೇಬಲ್ ಮೇಲೆ ನನ್ನನ್ನು ಎಬ್ಬಿಸಿ ಕೇಳಲು ಆಗುವುದಿಲ್ಲವಲ್ಲ. ಯೋಚಿಸಿ ಒಪ್ಪಿದೆ. ಒಪ್ಪಿಗೆ ಪತ್ರದಲ್ಲಿ ಮೂರೂ ಬರೆಸಿದೆವು: ಲ್ಯಾಪ್ರೋಸ್ಕೋಪಿ ಬೈಪಾಸ್, ಬೇಕಾದರೆ ಓಪನ್, ಆಗದಿದ್ದರೆ ಸ್ಲೀವ್. ನಮ್ಮ ಯಜಮಾನರು ಪೆನ್ನು ಹಿಡಿದು ಸ್ವಲ್ಪ ಹೊತ್ತು ಹಾಗೇ ಕೂತಿದ್ದರು. "ರೀ, ಸೈನ್ ಮಾಡಿ. ನಾನು ಮೂರಕ್ಕೂ ರೆಡಿ ಇದೀನಿ" ಅಂದೆ. ನಿಜವಾಗಿಯೂ ಇದ್ದೆ.

ಇನ್ಶೂರೆನ್ಸ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ವಿಮಾ ಕಂಪನಿಗಳ ಮೇಲ್ವಿಚಾರಣೆ ಮಾಡುವ ಐಆರ್‌ಡಿಎಐ ನಿಯಮದ ಪ್ರಕಾರ ಬಿಎಂಐ 40 ಅಥವಾ ಮೇಲಿದ್ದರೆ, ಇಲ್ಲವೇ 35 ಅಥವಾ ಮೇಲಿದ್ದು ಹತೋಟಿಗೆ ಬಾರದ ಶುಗರ್, ತೀವ್ರ ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಉಸಿರು ನಿಲ್ಲುವುದು) ಥರದ ಕಾಯಿಲೆ ಇದ್ದರೆ, ಪಾಲಿಸಿಯಲ್ಲಿ ತೂಕದ ಆಪರೇಷನ್‌ಗೆ ದಾರಿ ಇದೆ. ಕಾಯುವ ಅವಧಿ ಮುಗಿದಿರಬೇಕು. ಎತ್ತರ, ತೂಕ, ನಿದ್ದೆಯ ಟೆಸ್ಟಿನ ವರದಿ ಎಲ್ಲ ಮೊದಲೇ ಕಳಿಸಿ ಅನುಮತಿ ತೆಗೆದುಕೊಂಡೆವು.

ಆಪರೇಷನ್‌ಗೆ ಹದಿನೈದು ದಿನ ಮುಂಚಿನ ಪಥ್ಯವೇ ನನಗೆ ಆಪರೇಷನ್‌ಗಿಂತ ಕಷ್ಟವಾಯಿತು. ಪ್ರೋಟೀನ್ ಪುಡಿ, ಮಜ್ಜಿಗೆ, ಬೇಳೆಕಟ್ಟು, ಬೇಯಿಸಿದ ತರಕಾರಿ. ಅನ್ನ, ಮುದ್ದೆ, ಸಿಹಿ ಏನೂ ಇಲ್ಲ. ಸುಮ್ನೆ ಉಪವಾಸ ಮಾಡಿಸುತ್ತಾರೆ ಅಂದುಕೊಳ್ಳಬೇಡಿ. ನಮ್ಮಂಥವರ ಲಿವರ್ ಕೊಬ್ಬು ತುಂಬಿ ಊದಿಕೊಂಡಿರುತ್ತದೆ. ಅದರ ಎಡಭಾಗ ಹೊಟ್ಟೆ ಚೀಲದ ಮೇಲೆ ಮುಚ್ಚಳದ ಹಾಗೆ ಕೂತಿರುತ್ತದೆ. ಪಥ್ಯದಲ್ಲಿ ಲಿವರ್ ಕುಗ್ಗಿ ಮೆತ್ತಗಾದರೆ ಅದನ್ನು ಎತ್ತಿ ಹಿಡಿಯುವುದು ಸುಲಭ. ಕುಗ್ಗದಿದ್ದರೆ, ಲ್ಯಾಪ್ರೋಸ್ಕೋಪಿ ಬಿಟ್ಟು ಓಪನ್‌ಗೆ ಹೋಗಬೇಕಾದ ಕಾರಣಗಳಲ್ಲಿ ಅದೂ ಒಂದು. ಎರಡರಲ್ಲಿ ಯಾವ ದಾರಿ ಅನ್ನುವುದರಲ್ಲಿ ರೋಗಿಯ ಕೈಲಿರುವ ಪಾಲು ಇಷ್ಟೇ, ಆದರೆ ಸಣ್ಣದಲ್ಲ. ಸ್ಟಾಫ್ ರೂಮಿನಲ್ಲಿ ಚಿತ್ರಾನ್ನದ ಡಬ್ಬಿ ತೆರೆದಾಗ ನಾನು ಎದ್ದು ಲ್ಯಾಬಿಗೆ ಹೋಗಿಬಿಡುತ್ತಿದ್ದೆ.

ಸೆಪ್ಟೆಂಬರಿನಲ್ಲಿ ಆಪರೇಷನ್ ಆಯಿತು. ಎರಡು ಗಂಟೆ ಅಂದಿದ್ದು ನಾಲ್ಕು ಗಂಟೆ ಹಿಡಿಯಿತು. ಬಲಗಡೆ ಕೊಬ್ಬಿನ ಪದರ, ಕರುಳಿನ ಒಂದು ಸುರುಳಿ ಹಳೇ ಗಾಯಕ್ಕೆ ಅಂಟಿಕೊಂಡಿದ್ದವು, ಬಿಡಿಸಲು ಹೊತ್ತಾಯಿತು. ಹೊರಗೆ ಕೂತಿದ್ದ ಯಜಮಾನರಿಗೂ ಮಗಳಿಗೂ ಆ ಎರಡು ಗಂಟೆ ಹೇಗೆ ಕಳೆಯಿತೋ. ಎಚ್ಚರವಾದಾಗ ನಾನು ಮೊದಲು ಮಾಡಿದ್ದು ಹೊಟ್ಟೆಯ ನಡುವೆ ಕೈಯಾಡಿಸಿದ್ದು. ಅಲ್ಲಲ್ಲಿ ಐದು ಸಣ್ಣ ಪಟ್ಟಿಗಳು, ಅಷ್ಟೇ. ಅತ್ತುಬಿಟ್ಟೆ.

ನೋವು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನೋವು ಬಂದಿದ್ದು ಹೊಟ್ಟೆಗಿಂತ ಹೆಚ್ಚಾಗಿ ಭುಜಕ್ಕೆ! ಲ್ಯಾಪ್ರೋಸ್ಕೋಪಿಯಲ್ಲಿ ಹೊಟ್ಟೆಯನ್ನು ಇಂಗಾಲದ ಡೈಆಕ್ಸೈಡ್ ತುಂಬಿ ಉಬ್ಬಿಸುತ್ತಾರೆ. ಉಳಿದ ಗಾಳಿ ಎದೆಗೂ ಹೊಟ್ಟೆಗೂ ನಡುವಿನ ತೆರೆಯಾದ ವಪೆಯನ್ನು ಕೆರಳಿಸುತ್ತದೆ. ವಪೆಯ ನರವೂ ಭುಜದ ನರವೂ ಕುತ್ತಿಗೆಯ ಒಂದೇ ಭಾಗದಿಂದ ಹೊರಡುವುದರಿಂದ ನೋವು ಭುಜದಲ್ಲಿ ಕಾಣಿಸುತ್ತದೆ. ಹತ್ತನೇ ಕ್ಲಾಸಿಗೆ ನರವ್ಯೂಹ ಪಾಠ ಮಾಡುವವಳಿಗೂ ಇದು ಹೊಸದು. ಓಡಾಡಿದಷ್ಟೂ ಕಡಿಮೆಯಾಯಿತು. ಅದೇ ಸಂಜೆ ನರ್ಸ್ ಎಬ್ಬಿಸಿ ನಡೆಸಿದರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ. ಮೂರನೇ ದಿನ ಡಿಸ್ಚಾರ್ಜ್. ಮೂರು ವಾರಕ್ಕೆ ಶಾಲೆಗೆ ಹೋದೆ.

ಲ್ಯಾಪ್ರೋಸ್ಕೋಪಿ ಆಯಿತು, ಇನ್ನು ಚಿಂತೆಯಿಲ್ಲ ಎಂದುಕೊಳ್ಳುವವರಿಗೆ ಒಂದು ವಿಷಯ ಒತ್ತಿ ಹೇಳಬೇಕು. ಬೈಪಾಸ್‌ನಲ್ಲಿ ಕರುಳನ್ನು ಎಳೆದು ತರುವಾಗ ಒಳಗೆ ಸಂದಿಗಳು ಉಂಟಾಗುತ್ತವೆ. ಅವನ್ನು ಹೊಲಿದು ಮುಚ್ಚುತ್ತಾರೆ. ಆದರೂ ತೂಕ ಇಳಿದು ಒಳಗಿನ ಕೊಬ್ಬು ಕರಗಿದ ಮೇಲೆ ಸಂದಿ ಮತ್ತೆ ತೆರೆದು, ಕರುಳು ಅದರಲ್ಲಿ ನುಸುಳಿ ಸಿಕ್ಕಿಕೊಳ್ಳಬಹುದು. ಓಪನ್ ಆಪರೇಷನ್‌ನಲ್ಲಿ ನಾವು ಬೈಯುವ ಆ ಅಂಟುವಿಕೆಯೇ ಕರುಳನ್ನು ಅಲ್ಲಾಡದಂತೆ ಹಿಡಿದಿಡುತ್ತದೆ. ಲ್ಯಾಪ್ರೋಸ್ಕೋಪಿಯಲ್ಲಿ ಅಂಟುವುದು ಕಡಿಮೆ, ಹಾಗಾಗಿ ಈ ಅಪಾಯ ಸ್ವಲ್ಪ ಹೆಚ್ಚು. ವರ್ಷಗಳ ನಂತರವೂ ಹೊಟ್ಟೆಯಲ್ಲಿ ತಟ್ಟನೆ ಹಿಂಡಿದಂಥ ನೋವು ಬಂದರೆ ಗ್ಯಾಸ್ ಅಂತ ಜೀರಿಗೆ ಕಷಾಯ ಕುಡಿದು ಮಲಗಬೇಡಿ. ಆಸ್ಪತ್ರೆಗೆ ಹೋಗಿ, ಬೈಪಾಸ್ ಆಗಿದೆ ಎಂದು ಮೊದಲ ಮಾತಿಗೇ ಹೇಳಿ. ನಾನು ಪರ್ಸಿನಲ್ಲಿ ಒಂದು ಚೀಟಿ ಬರೆದಿಟ್ಟುಕೊಂಡಿದ್ದೇನೆ. ಮಂಡಿನೋವಿಗೆ ಅಂಗಡಿಯಿಂದ ತರುವ ಐಬುಪ್ರೊಫೇನ್ ಥರದ ಮಾತ್ರೆ ಬೇಡ ಅಂತಲೂ ಅದರಲ್ಲಿದೆ, ಜೋಡಿಸಿದ ಜಾಗದಲ್ಲಿ ಹುಣ್ಣಾಗಬಹುದು.

ಒಂದು ವರ್ಷಕ್ಕೆ 77 ಕಿಲೋಗೆ ಬಂದೆ. ಇನ್ಸುಲಿನ್ ಎರಡನೇ ವಾರಕ್ಕೇ ನಿಂತಿತ್ತು. ನಾಲ್ಕನೇ ತಿಂಗಳಲ್ಲಿ ಕೂದಲು ಹಿಡಿಹಿಡಿಯಾಗಿ ಉದುರಿತು, ಪ್ರೋಟೀನ್ ಸರಿಮಾಡಿಕೊಂಡ ಮೇಲೆ ನಿಧಾನಕ್ಕೆ ಬಂತು. ಮೊದಲ ಯುಗಾದಿಗೆ ಅರ್ಧ ಹೋಳಿಗೆ ತಿಂದು, ಬೆವರು ಸುರಿದು, ಎದೆ ಡವಡವ ಹೊಡೆದು ಮಲಗಿಬಿಟ್ಟೆ. ಸಿಹಿ ನೇರ ಕರುಳಿಗೆ ಇಳಿದರೆ ಹೀಗೆ.

ಕಳೆದ ವರ್ಷ ನಮ್ಮ ಸಹೋದ್ಯೋಗಿಯೊಬ್ಬರ ತಮ್ಮನಿಗೂ ಬೈಪಾಸ್ ಆಯಿತು. ಅವನಿಗೆ ಹಿಂದೆ ಹೊಟ್ಟೆಯ ಹುಣ್ಣು ಒಡೆದು ನಡುಹೊಟ್ಟೆಯಲ್ಲೇ ಆಪರೇಷನ್ ಆಗಿತ್ತು. ಲ್ಯಾಪ್ರೋಸ್ಕೋಪಿ ಅಂತ ಶುರು ಮಾಡಿ, ಅರ್ಧದಲ್ಲಿ ತೆರೆಯಬೇಕಾಯಿತು. ನೋಡಲು ಹೋದರೆ ಮುಖ ಗೋಡೆಗೆ ತಿರುಗಿಸಿ ಮಲಗಿದ್ದ. "ಅಕ್ಕ, ತೂತು ಅಂದ್ರು, ಸೀಳಿಬಿಟ್ರು" ಎಂದ. ನಾನು ಪಕ್ಕದಲ್ಲಿ ಕೂತು, ಕೆಮ್ಮು ಬಂದಾಗ ದಿಂಬನ್ನು ಗಾಯಕ್ಕೆ ಒತ್ತಿ ಹಿಡಿಯುವುದು ಹೇಗೆ ಅಂತ ತೋರಿಸಿಕೊಟ್ಟೆ. ಅದನ್ನು ನಾನು 2004ರಲ್ಲಿ ಕಲಿತಿದ್ದು. ಒಳಗೆ ನನಗೆ ಆದ ಕೆಲಸವೇ ಅವನಿಗೂ ಆಗಿದೆ, ಗಾಯ ಮಾಗಲು ಒಂದೂವರೆ ತಿಂಗಳು ಜಾಸ್ತಿ ಬೇಕು ಅಷ್ಟೇ ಎಂದೆ. ಮೂರು ತಿಂಗಳು ಹೊಟ್ಟೆಗೆ ಬೆಲ್ಟ್ ಕಟ್ಟಿದ, ಭಾರ ಎತ್ತಲಿಲ್ಲ. ಮೊನ್ನೆ ಫೋನ್ ಮಾಡಿದ್ದ. 141 ಕಿಲೋ ಇದ್ದವನು 98ಕ್ಕೆ ಬಂದಿದ್ದಾನೆ. ಗಾಯದ ಮೇಲ್ತುದಿಯಲ್ಲಿ ಸಣ್ಣದಾಗಿ ಉಬ್ಬಿದ ಹಾಗೆ ಕಾಣುತ್ತದಂತೆ. ಹರ್ನಿಯಾ ಇರಬಹುದು, ತೋರಿಸು ಎಂದೆ. ಮುಂದಿನ ಶನಿವಾರ ನಾನೂ ಅವನ ಜೊತೆ ಹೋಗುತ್ತಿದ್ದೇನೆ.